ಕತ್ತಿಯ ತುದಿಯ ತಗಡು

ಮಸ್ಕಿ,
ಬುಧವಾರ, ೨೫-೧-೧೯೮೯

ಪ್ರೀತಿಯ ತಮ್ಮ ಗದ್ದೆಪ್ಪನಿಗೆ ಅಕ್ಕ ಆದಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ಹೇಗಿದೆ? ಮಡಗಾಂವದ ಆ ಮರಗೆಲಸದ ಅಂಗಡಿಯಲ್ಲಿ ದಿನವಿಡೀ ಹೊಟ್ಟಿನ ಧೂಳು ಕುಡಿಯುತ್ತೀಯಂತೆ. ಮೂಗಿಗೊಂದು ಬಟ್ಟೆ ಕಟ್ಟಿಕೋ, ಯಾರು ನಕ್ಕರೂ ನಗಲಿ. ಅಲ್ಲಿ ಜೋಳದ ರೊಟ್ಟಿ ಸಿಗುವುದಿಲ್ಲ, ಅನ್ನ ತಿಂದು ತಿಂದು ಮೈ ತಣ್ಣಗಾಗಿದೆ ಎಂದು ಬರೆದಿದ್ದೆ. ಎರಡು ತಿಂಗಳಿಗೊಂದು ಕಾರ್ಡು, ಅದರಲ್ಲಿ ಮೂರೇ ಸಾಲು. ಓದಲು ಶುರುಮಾಡುವಷ್ಟರಲ್ಲಿ ನಿನ್ನ ಸಹಿ ಬಂದುಬಿಡುತ್ತದೆ. ಅವ್ವ "ಇನ್ನೊಮ್ಮೆ ಓದು" ಎನ್ನುತ್ತಾಳೆ. ಓದುತ್ತೇನೆ. ಆಮೇಲೆ ಕಾರ್ಡನ್ನು ತಿರುಗಿಸಿ, ಖಾಲಿ ಇರುವ ಜಾಗವನ್ನು ನೋಡುತ್ತಾಳೆ. ನಮ್ಮ ಆರೋಗ್ಯದ ಬಗ್ಗೆ ಕೇಳಿದ್ದೀಯ. ನನ್ನದು ಚೆನ್ನಾಗಿದೆ, ನಾನು ಕಲಿಸುವ ಅಂಗನವಾಡಿಯ ಮಕ್ಕಳು ನಾಳೆ ಝಂಡಾ ಹಾರಿಸುವುದಕ್ಕೆ ಹಾಡು ಕಲಿಯುತ್ತಿವೆ. ಅವ್ವನದು ಏನು ಬರೆಯಬೇಕೋ ತಿಳಿಯುತ್ತಿಲ್ಲ. ಜ್ವರವಿಲ್ಲ, ನೋವಿಲ್ಲ, ಆದರೆ ಭಾನುವಾರದಿಂದ ಅವಳು ಅವಳಾಗಿ ಇಲ್ಲ. ಅದನ್ನೇ ಬರೆಯಲು ಕುಳಿತಿದ್ದೇನೆ. ಎಲ್ಲಿಂದ ಶುರುಮಾಡಿದರೆ ನಿನಗೆ ಅರ್ಥವಾದೀತು ಎನ್ನುವುದೂ ನನಗೆ ಗೊತ್ತಿಲ್ಲ, ಏಕೆಂದರೆ ನನಗೇ ಅರ್ಥವಾಗಿಲ್ಲ.

ಹೋದ ವಾರ ಹೊನ್ನೂರಪ್ಪ ನಮ್ಮ ಮನೆಗೆ ಬಂದಿದ್ದ. ಹೆಸರು ಓದಿ ಪತ್ರ ಮಡಚಿಡಬೇಡ, ಪೂರ್ತಿ ಓದು. ಅವನ ಬಲಗಣ್ಣಿನ ಕೆಳಗಿನ ಗಾಯ ಮಾಯ್ದಿದೆ, ಕಲೆ ಉಳಿದಿದೆ. ಆ ಕಣ್ಣಿಗೆ ಮಸುಕು ಮಸುಕಾಗಿ ಕಾಣುತ್ತದಂತೆ. ಅಂಗಳದಲ್ಲೇ ನಿಂತು, "ಅಕ್ಕಾ, ಗದ್ದೆಪ್ಪ ಮಾಡಿದ ಕತ್ತಿ, ಗದೆ ಎಲ್ಲಾ ನಿಮ್ಮ ಅಟ್ಟದ ಮ್ಯಾಲ ಅದಾವಲ್ಲ, ಈ ಸಲ ಸಿಂಧನೂರಾಗ ಸಮಾವೇಶ ಐತಿ, ಕೊಡ್ತೀರೇನು?" ಎಂದ. ನೀವು ಸೇರಿದ್ದ ಆ ಸಿನಿಮಾ ಅಭಿಮಾನಿ ಬಳಗದ ಮಾತು ಈ ಮನೆಯಲ್ಲಿ ಬಂದು ಒಂದು ವರ್ಷವಾಗಿತ್ತು. ನಿಮ್ಮ ಆ ಹೀರೋನ ಹೆಸರು ರೇಡಿಯೋದಲ್ಲಿ ಬಂದರೂ ಅವ್ವ ಎದ್ದು ಅದರ ಕಿವಿ ತಿರುವಿ ಬಂದ್ ಮಾಡಿಬಿಡುತ್ತಾಳೆ. ಆದರೆ ಅವತ್ತು ಒಲೆಯ ಮುಂದೆ ಕುಳಿತವಳು ತಿರುಗಿ ನೋಡದೆಯೇ, "ಆದವ್ವಾ, ಕೊಡು. ಆದರ ನೀನೂ ಸಂಗಾಟ ಹೋಗು. ಯಾರಿಗೂ ತಾಗದಂಗ ಒಯ್ದು, ತಾಗದಂಗ ತಗೊಂಬಾ" ಎಂದಳು.

ನಿನಗೆ ಗೊತ್ತಿರುವುದನ್ನೇ ಇಲ್ಲಿ ಬರೆಯುತ್ತೇನೆ, ಏಕೆಂದರೆ ನಾವು ಯಾರೂ ಅದನ್ನು ಒಮ್ಮೆಯೂ ಪೂರ್ತಿ ಆಡಲಿಲ್ಲ. ಹೋದ ವರ್ಷ ಲಿಂಗಸುಗೂರಿನಲ್ಲಿ ನಡೆದ ಬಳಗದ ಸಮಾವೇಶದಲ್ಲಿ ನಿಮ್ಮ ಹೀರೋನ ಸಿನಿಮಾದಂತೆ ನೀನು ರಾಜನ ವೇಷ, ಹೊನ್ನೂರಪ್ಪ ಸೇನಾಪತಿಯ ವೇಷ ಹಾಕಿ ವೇದಿಕೆಯ ಮೇಲೆ ಕತ್ತಿವರಸೆ ಆಡಿದಿರಿ. ನಿನ್ನ ಬೇವಿನ ಕಟ್ಟಿಗೆಯ ಕತ್ತಿ ಜಾರಿ ಅವನ ಕಣ್ಣಿನ ಕೆಳಗೆ ಸೀಳಿತು. ಕಟ್ಟಿಗೆ ಅಷ್ಟು ಸೀಳುವುದಿಲ್ಲ ಎಂದು ಜನ ನೋಡಿದರೆ ಅದರ ತುದಿಗೆ ತಗಡು ಹೊಡೆದಿತ್ತು. ಅವನ ಅಪ್ಪ ಅಂಗನವಾಡಿಗೇ ಬಂದು ಮಕ್ಕಳ ಮುಂದೆ ಕೂಗಾಡಿದ. ಅಂದು ಸಂಜೆ ಬಾವಿಯ ಹತ್ತಿರ ನಾನು ನಿನ್ನನ್ನು ಕೇಳಿದೆ, "ತಗಡು ನೀನ ಹಚ್ಚಿದಿ ಏನು?" ನೀನು ಬಹಳ ಹೊತ್ತು ಸುಮ್ಮನಿದ್ದು "ಹೌದು" ಎಂದೆ. ಮೂರನೆಯ ದಿನ ಗೋವಾದ ಬಸ್ಸು ಹತ್ತಿದೆ. ಅವ್ವನಿಗೆ ನಾನು ಕತ್ತಿ ತಗುಲಿತು ಎಂದಷ್ಟೇ ಹೇಳಿದ್ದೆ. ಮೊದಲೇ ಅಳುತ್ತಿದ್ದವಳಿಗೆ ಮಗನ ತಪ್ಪನ್ನು ಬಿಡಿಸಿ ಹೇಳುವುದು ಏಕೆ ಎನಿಸಿತು. ಆಮೇಲೆ ನಾಚಿಕೆಗೆ ಅವಳು ಓಣಿಯಲ್ಲಿ ಯಾರೊಡನೆಯೂ ಆ ಮಾತೆತ್ತಲಿಲ್ಲ, ಅವರೂ ಅವಳ ಮುಂದೆ ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಐದು ಕತ್ತಿ, ಎರಡು ಗದೆ, ಒಂದು ಬಿಲ್ಲು ಎಲ್ಲವನ್ನೂ ಕೌದಿಯಲ್ಲಿ ಸುತ್ತಿದೆವು. ತುದಿಗಳೆಲ್ಲ ಒಳಗೆ ಬರಬೇಕು, ಹಿಡಿಗಳ ನಡುವೆ ಹಳೆಯ ಸೀರೆ ತುರುಕಬೇಕು, ಎರಡು ಕಡೆ ಹಗ್ಗ ಬಿಗಿಯಬೇಕು ಎಂದು ಹೊನ್ನೂರಪ್ಪನೇ ಹೇಳಿಕೊಟ್ಟ. ಬಸ್ಸಿನಲ್ಲಿ ಕಂಡಕ್ಟರ್ ಒಂದು ಹಿಡಿ ಇಣುಕಿದ್ದು ನೋಡಿ, "ಏನವ್ವಾ, ಯಾವ ಊರ ಜಗಳಕ್ಕ ಹೊಂಟೀರಿ?" ಎಂದು ಇಳಿಸಲು ಬಂದ. ಗಂಟನ್ನು ಬಸ್ಸಿನ ಟಾಪ್ ಮೇಲೆ ಹಾಕಿ ಎಂದ. ಮೇಲೆ ಹಾಕಿದರೆ ಮುರಿಯುತ್ತವೆ ಎಂದೆ. ಕೊನೆಗೆ ಬಿಚ್ಚಿ ತೋರಿಸಿ, ಅವನ ಬೆರಳಿಗೇ ಅಂಚು ಮುಟ್ಟಿಸಿದ ಮೇಲೆ ನಕ್ಕು ಬಿಟ್ಟ. ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕುಳಿತೆ. ಪಕ್ಕದಲ್ಲಿ ಜವಳಗೇರಾಕ್ಕೆ ಹೊರಟಿದ್ದ ಮುದುಕಿಯೊಬ್ಬಳು, "ಎಷ್ಟು ಉದ್ದ ಐತವ್ವ ನಿನ್ನ ಕೂಸು, ಮುಖಕ್ಕರ ಗಾಳಿ ಬಿಡು" ಎಂದಳು. ಬಸ್ಸೆಲ್ಲ ನಕ್ಕಿತು. ಹೊನ್ನೂರಪ್ಪನೂ ನಕ್ಕ. ಅವನು ನಕ್ಕದ್ದು ನೋಡಿ ನನಗೆ ಗೊಂದಲ ಶುರುವಾಯಿತು. ಇವನಿಗೆ ನಮ್ಮ ಮೇಲೆ ಸಿಟ್ಟಿದೆಯೋ ಇಲ್ಲವೋ? ಇದ್ದರೆ ಏಕೆ ಬಂದ? ಇಲ್ಲದಿದ್ದರೆ ಒಂದು ವರ್ಷ ಏಕೆ ಬರಲಿಲ್ಲ?

ಸಿಂಧನೂರಿನಲ್ಲಿ ಕಲ್ಯಾಣಮಂಟಪದ ಬಾಗಿಲಿಗೆ ಅಮೀನ್‌ಸಾಬ್ ಒಂದು ಟೇಬಲ್ ಹಾಕಿಸಿದ್ದರು. ನಿಮ್ಮ ಬಳಗದ ಅಧ್ಯಕ್ಷರು, ಸೈಕಲ್ ಅಂಗಡಿಯವರು, ನಿನಗೆ ಗೊತ್ತೇ ಇದ್ದಾರೆ. ವೇಷದವರು ಯಾರೇ ಬಂದರೂ ಮೊದಲು ಆಯುಧ ತೋರಿಸಬೇಕು, ಪಾಸಾದರೆ ಹಿಡಿಗೆ ಕೆಂಪು ದಾರ ಕಟ್ಟಬೇಕು, ದಾರವಿಲ್ಲದ್ದು ಒಳಗೆ ಹೋಗಕೂಡದು. ನನ್ನ ಅಕ್ಷರ ದುಂಡಗಿವೆ ಎಂದು ಹೆಸರು ಬರೆದುಕೊಳ್ಳಲು ನನ್ನನ್ನು ಕೂಡಿಸಿದರು. ಪರೀಕ್ಷೆ ಮಾಡಲು ಯಾರನ್ನು ಕೂಡಿಸಿದರು ಗೊತ್ತೇ? ಹೊನ್ನೂರಪ್ಪನನ್ನು. ಅವನೇ ಕೇಳಿಕೊಂಡನಂತೆ. ಪ್ರತಿ ಕತ್ತಿಯ ಅಂಚಿಗೂ ಹೆಬ್ಬೆರಳು ಎಳೆದು ನೋಡುತ್ತಿದ್ದ. ತುದಿಯನ್ನು ತನ್ನ ಕೆನ್ನೆಗೆ, ಆ ಕಲೆಯ ಕೆಳಗೇ ಒತ್ತಿಕೊಂಡು ನೋಡುತ್ತಿದ್ದ. ಪಾಮನಕಲ್ಲೂರಿನ ರಾಜನೊಬ್ಬನ ಕತ್ತಿಗೆ ಬೆಳ್ಳಿ ಬಣ್ಣದ ಕಾಗದ ಅಂಟಿಸಿತ್ತು. ಬಿಚ್ಚು ಎಂದ. ರಾಜ ಕಿರೀಟ ಕೈಯಲ್ಲಿ ಹಿಡಿದುಕೊಂಡು ಜಗಳಕ್ಕೇ ನಿಂತ, "ಕಾಗದ ಐತಲೇ, ಕಣ್ಣು ಕಾಣಂಗಿಲ್ಲೇನು ನಿನಗ?" ಎಂದುಬಿಟ್ಟ. ಹೊನ್ನೂರಪ್ಪ ಮೆಲ್ಲಗೆ, "ಒಂದಕ್ಕ ಕಾಣ್ತೈತಿ, ಒಂದಕ್ಕ ಕಾಣಂಗಿಲ್ಲ. ಬಿಚ್ಚಪಾ" ಎಂದ. ಬಿಚ್ಚಿದರೆ ಬರೀ ಕಾಗದವೇ. ಹೊನ್ನೂರಪ್ಪನೇ ಅಂಟು ತರಿಸಿ ಮತ್ತೆ ಅಂಟಿಸಿಕೊಟ್ಟ. ರಾಜ ತಲೆ ತಗ್ಗಿಸಿ ದಾರ ಕಟ್ಟಿಸಿಕೊಂಡ.

ನಿನ್ನ ಕತ್ತಿಗಳನ್ನು ಕೊನೆಗೆ ನೋಡಿದ. ಒಂದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ನನ್ನ ಕಡೆ ತಿರುಗಿ, "ನೋಡಕ್ಕಾ, ಅಂಚು ಎಷ್ಟು ಮೆತ್ತಗ ಉಜ್ಜ್ಯಾನ. ಕೂಸಿನ ಕೈಯಾಗ ಕೊಡಬೌದು. ಇಂಥ ಕೆಲಸ ಮಾಡಾವ ಅದೊಂದಕ್ಕ ತಗಡು ಯಾಕ ಹೊಡದ? ನನಗ ಸಿಟ್ಟಿಲ್ಲಕ್ಕಾ. ತಿಳಿವಲ್ದು, ಅಷ್ಟ" ಎಂದ. ಪಟ್ಟಿಯಲ್ಲಿ ಮಸ್ಕಿ, ಐದು ಕತ್ತಿ ಎಂದು ಬರೆದೆ. ಬರೆದದ್ದನ್ನೇ ಮತ್ತೊಮ್ಮೆ ಬರೆದುಬಿಟ್ಟೆ, ಅಮೀನ್‌ಸಾಬ್ ನೋಡಿ ಒಂದನ್ನು ಹೊಡೆದುಹಾಕಿದರು. ಒಳಗೆ ಹಾಡು, ಕುಣಿತ, ರಾಜರೆಲ್ಲ ಕತ್ತಿಯ ತುದಿ ನೆಲಕ್ಕೆ ಮಾಡಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಈ ಸಲ ಕತ್ತಿವರಸೆ ಇರಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಈಗ ಅವ್ವನ ವಿಷಯ. ಸಂಜೆ ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಸುರಳೀತ ಆಯಿತು ಎಂದು ಸಮಾಧಾನವಾಗಲಿ ಅಂತ, ಅಮೀನ್‌ಸಾಬ್ ಅಚ್ಚು ಹಾಕಿಸಿ ಹಂಚಿದ್ದ ಸೂಚನೆಯ ಹಾಳೆಯನ್ನು ಓದಿ ಹೇಳಿದೆ. ಗುಂಪಿನಲ್ಲಿ ತುದಿ ಕೆಳಗೆ ಇರಬೇಕು, ಆಟಕ್ಕೂ ಬೀಸಬಾರದು, ಬಸ್ಸಿನಲ್ಲಿ ಬಟ್ಟೆ ಸುತ್ತಿ ತರಬೇಕು ಎನ್ನುವವರೆಗೆ ತಲೆಯಾಡಿಸಿದಳು. ಕಟ್ಟಿಗೆಯ ತುದಿಗೆ ತಗಡು, ಮೊಳೆ ಹೊಡೆಯಬಾರದು ಎಂದು ಓದಿದೆ. ಅವಳ ಕೈ ನಿಂತಿತು. "ಯಾಕ? ತುದಿ ಸೀಳಿದ್ರ ಏನ್ ಮಾಡಬೇಕು ಮತ್ತ?" ಎಂದಳು. ಸೀಳಿದರೆ ಆ ಕತ್ತಿಯನ್ನೇ ಬಿಡಬೇಕವ್ವ, ಹೊನ್ನೂರಪ್ಪನ ಕಣ್ಣು ಕೆಟ್ಟದ್ದು ತಗಡಿನಿಂದಲೇ ಅಲ್ಲವೇ ಎಂದು ನಾನು ಹರಟೆಯ ಭರದಲ್ಲಿ ಹೇಳಿಬಿಟ್ಟೆ. ಹಂಚಿನ ಮೇಲಿನ ರೊಟ್ಟಿ ಕರ್ರಗೆ ಸುಟ್ಟಿತು, ಅವಳು ನೋಡಲೇ ಇಲ್ಲ. ಅಂದು ಉಣ್ಣಲಿಲ್ಲ. ಸೋಮವಾರ ನನಗೆ ಹೇಳದೆ ಹೊನ್ನೂರಪ್ಪನ ಮನೆಗೆ ಹೋಗಿ, ಕಟ್ಟೆಯ ಮೇಲೆ ಒಂದು ತಾಸು ಕುಳಿತು, ಅವರು ಕೊಟ್ಟ ಚಹಾ ಮುಟ್ಟದೆ ಎದ್ದು ಬಂದಳಂತೆ. ಏನೂ ಮಾತಾಡಲಿಲ್ಲವಂತೆ. ಅವನ ಅವ್ವನೇ ಬಂದು, "ನಿಮ್ಮವ್ವಗ ಏನಾಗೈತಿ?" ಎಂದು ನನ್ನನ್ನು ಕೇಳಿದಳು. ನಾನು ಕೇಳಿದರೆ, "ಏನಿಲ್ಲ, ಸುಮ್ಮನ ಕುಂತು ಬಂದೀನಿ" ಎನ್ನುತ್ತಾಳೆ. ನಿನ್ನ ತಪ್ಪು ಅವಳಿಗೆ ಇಷ್ಟು ದಿನ ಗೊತ್ತಿಲ್ಲದ್ದು ಈಗ ಗೊತ್ತಾಯಿತಲ್ಲ, ಅದಕ್ಕೋ? ಹಾಗಿದ್ದರೆ ನಿನ್ನನ್ನು ಬೈಯಬೇಕಿತ್ತು. ಬೈಯಲಿಲ್ಲ. ನಿನ್ನ ಮೂರು ಸಾಲಿನ ಕಾರ್ಡುಗಳನ್ನೆಲ್ಲ ತಂದು ನನ್ನ ಮುಂದೆ ಹಾಕಿ, "ಇದರಾಗ ಎಲ್ಲೆರ ತಗಡಿನ ಮಾತು ಬರದಾನೇನು, ನೋಡು" ಎಂದಳು. ಎಲ್ಲಿಯೂ ಇರಲಿಲ್ಲ. ಅದನ್ನು ಕೇಳಿ ಅತ್ತಳು.

ನಿನಗೇನಾದರೂ ತಿಳಿದರೆ ಬರೆ. ಕಾರ್ಡು ಬೇಡ, ಉದ್ದ ಪತ್ರ ಬರೆ. ಹೊನ್ನೂರಪ್ಪ ನಿನ್ನ ವಿಳಾಸ ಬರೆದುಕೊಂಡಿದ್ದಾನೆ, ಅವನ ಪತ್ರ ಬಂದರೆ ಒಡೆದು ಓದು, ಹೆದರಬೇಡ. ಅಮೀನ್‌ಸಾಬ್ ಸಲಾಂ ಹೇಳಿದ್ದಾರೆ. ಹೊತ್ತು ಹೊತ್ತಿಗೆ ಉಣ್ಣು, ಬಿಸಿನೀರು ಕುಡಿ. ನಿನ್ನ ಕೈಗೆ ಉಳಿ ತಾಗದಿರಲಿ, ಎಲ್ಲಿದ್ದರೂ ನೀನು ಸುಖವಾಗಿರು.

ಇಂತಿ ನಿನ್ನ ಅಕ್ಕ,
ಆದಮ್ಮ

ತಾ.ಕ.: ಲಕೋಟೆ ಅಂಟಿಸುವಾಗ ಅವ್ವ ಬಂದು ಕೈ ಹಿಡಿದಳು. ಟಪಾಲು ಹೋಗುವ ಹೊತ್ತಾಗಿದೆ, ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಹೋದ ವರ್ಷ ಸಮಾವೇಶದ ಹಿಂದಿನ ದಿನ ಮನಿ ಸಾರಸಾಕತ್ತಾಗ ಗೂಟದ ಮ್ಯಾಲಿನ ಕತ್ತಿ ನನ್ನ ಕೈ ತಾಗಿ ಬಿತ್ತು. ತುದಿ ಸೀಳಿತು. ನಾಕು ಮಂದಿ ಮುಂದ ಮುರದ್ರ ನನ್ನ ಮಗಗ ನಾಚಿಕಿ ಆಗ್ತೈತಂತ ಎಣ್ಣಿ ಡಬ್ಬಿ ತಗಡು ಕತ್ತರಿಸಿ, ಎರಡು ಮೊಳಿ ಕಲ್ಲಿಲೆ ಬಡದೆ. ಅವನ ಬಣ್ಣನ ಮ್ಯಾಲ ಬಳದು ಒರಿಯಾಗ ಇಟ್ಟೆ. ಅವಗ ಹೇಳಲಿಲ್ಲ. ಕಟ್ಟಿಗಿ ಚುಚ್ಚೇತಿ ಅಂತ ತಿಳದಿದ್ದೆ ನಾ ಇಷ್ಟು ದಿನ." ಇದನ್ನು ಹೇಳಿ, ಹೊನ್ನೂರಪ್ಪನ ಮನೆಗೆ ಮತ್ತೆ ಹೋಗುತ್ತೇನೆ, ಈ ಸಲ ಬಾಯಿ ಬಿಡುತ್ತೇನೆ ಎಂದು ಸೆರಗು ಹೊದ್ದುಕೊಂಡು ನಿಂತಿದ್ದಾಳೆ. ಗದ್ದೆಪ್ಪಾ, ಕಲ್ಲಿನಿಂದ ಬಡಿದ ಮೊಳೆ ಸೊಟ್ಟಗಿದ್ದಿರಬೇಕು. ವೇದಿಕೆ ಇಳಿದ ಮೇಲೆ ಅದನ್ನು ನೋಡಿ, ಇದು ಅವ್ವನ ಕೈಕೆಲಸ ಎಂದು ನಿನಗೆ ಹೊಳೆದಿರಬೇಕು. ಬಾವಿಯ ಹತ್ತಿರ ಅಷ್ಟು ಹೊತ್ತು ಸುಮ್ಮನಿದ್ದು "ಹೌದು" ಅಂದದ್ದು ಅದಕ್ಕೇ ಏನು? "ಅವಗ ಗೊತ್ತಿತ್ತೇನಂತ ಕೇಳು" ಎನ್ನುತ್ತಿದ್ದಾಳೆ ಅವ್ವ. ಕೇಳಿದ್ದೇನೆ. ಗೊತ್ತಿರಲಿಲ್ಲವಾದರೆ ಬರೆ. ಗೊತ್ತಿತ್ತಾದರೆ ಬರೆಯಬೇಡ, ಸೀದಾ ಬಸ್ಸು ಹತ್ತಿ ಬಾ. ನಿನ್ನ ಪತ್ರ ನಾನು ಓದುವಾಗ ಅವಳು ನನ್ನ ಮುಖವನ್ನೇ ನೋಡುತ್ತಿರುತ್ತಾಳೆ, ನನಗೆ ಸುಳ್ಳು ಓದಲು ಬರುವುದಿಲ್ಲ.