ತೂ ಅಜ್ಜಿ ಬೇಡ ಅಂದಿದ್ದರು

ಮಾರ್ಚ್ ೪, ಮಧ್ಯಾಹ್ನ

ಇವತ್ತೂ ಅದೇ. ಎಂಡೋಸ್ಕೋಪ್ ಇಳಿಸಿದರೆ ಜಠರದ ಗೋಡೆ ತುಂಬ ಪುಟ್ಟ ಮಾಂಸದ ಗಂಟುಗಳು. ಕ್ಯಾನ್ಸರ್ ಅಲ್ಲ, ಆದರೆ ಅವುಗಳಿಂದ ರಕ್ತ ಒಸರುತ್ತದೆ. ಇಂಥ ಗಂಟಿರುವ ರೋಗಿಗಳೆಲ್ಲ ಮರೆವಿನ ಕಾಯಿಲೆಗೆ ಒಂದೇ ಬಗೆಯ ಮಾತ್ರೆ ನುಂಗುವವರು. ಮೆದುಳಿನಲ್ಲಿ ಕೆಲಸ ಮಾಡುವ ಮಾತ್ರೆ ಹೊಟ್ಟೆಯನ್ನು ಸುಮ್ಮನೆ ಬಿಟ್ಟೀತೇ? ಹೀಗೆಂದರೆ ನಮ್ಮ ವಿಭಾಗದ ಮುಖ್ಯಸ್ಥ ವೆಂಗ್ ನಕ್ಕುಬಿಟ್ಟರು. ಮುದುಕರ ಹೊಟ್ಟೆಯಲ್ಲಿ ಗಂಟಿರದೆ ಗುಲಾಬಿ ಇರುತ್ತದೆಯೇ ಎಂದರು. ನಗಲಿ. ಬಿಡುವವಳು ನಾನಲ್ಲ.

ಮಾರ್ಚ್ ೬

ಅದೇ ಮಾತ್ರೆ ನುಂಗುವ ತೂ ಅಜ್ಜಿಗೆ ಮತ್ತೆ ರಕ್ತ ಹಾಕಿದ್ದಾಯಿತು. ಮೀನಿನ ಗಂಜಿ ಮಾರಿ ಬದುಕಿದವರು, ನಮ್ಮ ಈ ತೈನಾನ್‌ನ ಅರ್ಧ ಊರು ಇವರ ಗಿರಾಕಿ. ಮಾತ್ರೆ ಕೆಲವು ತಿಂಗಳು ನಿಲ್ಲಿಸೋಣ, ಗಂಟು ಕರಗಿದರೆ ನನ್ನ ಅನುಮಾನ ನಿಜವಾಗುತ್ತದೆ ಎಂದೆ.

"ಗಂಟು ನನ್ನನ್ನ ಕೊಲ್ಲುತ್ತೇನಮ್ಮಾ?"

"ಕೊಲ್ಲಲ್ಲ ಅಜ್ಜಿ. ರಕ್ತ ಸೋರುತ್ತೆ."

"ಸೋರ್ಲಿ. ರಕ್ತ ಯಾರಾದ್ರೂ ಕೊಡ್ತಾರೆ. ನೆನಪು ಯಾರು ಕೊಡ್ತಾರೆ?"

ಸಿಟ್ಟು ಬಂತು. ನನಗೆ ಸಾಕ್ಷಿ ಬೇಕಿತ್ತು. ಗಟ್ಟಿಗಿತ್ತಿ ಮುದುಕಿ.

ಮೇ ೨೧

ತೂ ಅಜ್ಜಿಯನ್ನು ಮಗ ಪಿಂಗ್‌ಯುವಾನ್ ಕರೆತಂದ. ರಕ್ತಕ್ಕೆ ಹೆದರಿ, ಅಮ್ಮನಿಗೂ ನನಗೂ ಹೇಳದೆ ಮಾತ್ರೆ ನಿಲ್ಲಿಸಿದ್ದನಂತೆ. ಎಂಡೋಸ್ಕೋಪ್ ಹಾಕಿದೆ. ಗೋಡೆ ನುಣ್ಣಗಿದೆ... ಕುಣಿಯಬೇಕೆನಿಸಿತು. ಎಚ್ಚರವಾದ ಮೇಲೆ ಅಜ್ಜಿ ಮಗನನ್ನು ತೋರಿಸಿ, ಈ ಹುಡುಗ ಯಾರು, ಗಂಜಿಗೆ ದುಡ್ಡು ಕೊಟ್ಟನಾ ಎಂದು ಕೇಳಿದರು. ಅವನು ಕಿಟಕಿ ಕಡೆ ಮುಖ ಮಾಡಿ ನಿಂತ. ನನಗೂ ತುಂಬ ಸಂಕಟವಾಯಿತು.

ಮೇ ೨೨

ವೆಂಗ್ ಈಗ ನಗುತ್ತಿಲ್ಲ. ಈ ಮಾತ್ರೆಯ ಬಗ್ಗೆ ನಾನು ಬರೆಯುತ್ತಿರುವ ಲೇಖನದಲ್ಲಿ ತಮ್ಮ ಹೆಸರು ಮೊದಲಿರಬೇಕಂತೆ. ಇನ್ನೊಮ್ಮೆ ಪರೀಕ್ಷಿಸುವವರೆಗೆ ಅಜ್ಜಿಗೆ ಮಾತ್ರೆ ಕೊಡಬಾರದಂತೆ. ಪಿಂಗ್‌ಯುವಾನ್‌ನನ್ನು ಕೂರಿಸಿ, ಅವನ ಅಮ್ಮ ಮಾರ್ಚ್‌ನಲ್ಲಿ ಹೇಳಿದ್ದನ್ನು ಹೇಳಿದೆ. ಒಪ್ಪಿದ. ಮಾತ್ರೆ ಮತ್ತೆ ಬರೆದುಕೊಟ್ಟೆ. ಲೇಖನದಿಂದ ಅಜ್ಜಿಯನ್ನು ತೆಗೆದುಹಾಕಿದೆ. ಬೇಡವೆಂದವರ ಹೊಟ್ಟೆ ನನ್ನ ಸಾಕ್ಷಿಯಲ್ಲ. ಒಪ್ಪುವವರನ್ನು ಹುಡುಕುತ್ತೇನೆ — ವರ್ಷ ಹಿಡಿದರೂ ಸರಿ. ವೆಂಗ್ ಏನು ಬೇಕಾದರೂ ಮಾಡಿಕೊಳ್ಳಲಿ.

ಜುಲೈ ೯

ಡ್ಯೂಟಿಯಲ್ಲಿ ಅನಾನಸ್ ತಿಂದರೆ ರೋಗಿಗಳು ಮುಗಿಬೀಳುತ್ತಾರೆಂಬ ನಂಬಿಕೆಯಿಂದ ಇಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಅಜ್ಜಿ ಇಡೀ ಹಣ್ಣನ್ನೇ ತಂದಿದ್ದರು. ವೆಂಗ್ ಬಾಗಿಲಲ್ಲೇ ನಿಂತು ಬೇಡವೆಂದರು. ಕೊಯ್ದೆ. ಮೊದಲ ಹೋಳು ಅಜ್ಜಿಗೆ. ಅಗಿಯುತ್ತಾ ನನ್ನನ್ನೇ ನೋಡಿದರು.

"ಮಾತ್ರೆ ನಿಲ್ಲಿಸ್ಬೇಡಿ ಅಂದಿದ್ದೆ. ನಂಗೆ ನೆನಪಿದೆ ಡಾಕ್ಟ್ರಮ್ಮಾ."

ಮತ್ತೆ ರಕ್ತ ಹೋಗುತ್ತಿದೆ ಎಂದು ಮಗ ನನ್ನ ಕಿವಿಯಲ್ಲಿ ಹೇಳಿದ. ಅಜ್ಜಿಗೆ ಕೇಳಿಸಿತು.

"ಸೋರ್ಲಿ ಬಿಡೋ ಪಿಂಗ್‌ಯುವಾನ್."

ಹೆಸರು ಹಿಡಿದು ಕರೆದರು. ಅವನು ಅತ್ತ, ನಾನೂ ಅತ್ತೆ. ರಕ್ತದ ಚೀಟಿ ಬರೆದೆ. ಅದರ ಕೆಳಗೇ, ವೆಂಗ್ ನೋಡುತ್ತಿರುವಾಗಲೇ, ಮಾತ್ರೆಯನ್ನೂ ಬರೆದೆ.