ಸೊಸೆ ಎಸೆಯದ ಲಕೋಟೆ

ಹನ್ನೆರಡನೇ ತಾರೀಖು, ಗುರುವಾರ

ಮನೆ ಸದ್ಯಕ್ಕೆ ಉಳೀತು. ಮಗ ಮನೆಸಾಲದ ಕಂತು ತಪ್ಪಿಸಿದ್ದು ನಿಜ, ಅದಕ್ಕೆ ಅವನಿಗೆ ನನ್ನ ಕೈಲಿ ಇನ್ನೂ ಪೂಜೆ ಇದೆ. ಆದರೆ ನೋಟಿಸು ಕಳಿಸಿ ಕಾನೂನಿನ ಪ್ರಕಾರ ಅರವತ್ತು ದಿನ ಕಾದೆವು ಅಂತ ಬ್ಯಾಂಕಿನವರು ಕೋರ್ಟಲ್ಲಿ ಹೇಳಿದ್ದು ಹಸಿ ಸುಳ್ಳು. ಆ ನೋಟಿಸು ಬಂದ ಲಕೋಟೆ ಮೇಲಿನ ಅಂಚೆ ಮುದ್ರೆಯ ತಾರೀಖು ನೋಡಿ ಜಡ್ಜು, "ಇಪ್ಪತ್ತೇ ದಿನಕ್ಕೆ ಬೀಗ ಹಾಕೋಕೆ ಹೋದ್ರಾ?" ಅಂತ ಕೇಳಿ ತಡೆಯಾಜ್ಞೆ ಕೊಟ್ಟರು.

ಆ ಖಾಲಿ ಲಕೋಟೆ ಎತ್ತಿಟ್ಟವಳು ಸೊಸೆ. ಅವಳು ಚೂರು ಕಾಗದವನ್ನೂ ಎಸೆಯಲ್ಲ. "ಇದೇನು ಗುಜರಿ ಅಂಗಡಿಯೇನೇ?" ಅಂತ ಎಷ್ಟು ಸಲ ಜಾಡಿಸಿದ್ದೆನೋ.

ನಿನ್ನಿಂದ ಸೂರು ಉಳೀತು ಕಣೇ ಅನ್ನೋಣ ಅಂತ ಅಡುಗೆಮನೆಗೆ ಹೋದೆ. ಆದರೆ "ಅಡುಗೆಗೆ ಉಪ್ಪು ಕಮ್ಮಿ" ಅಂದುಬಿಟ್ಟೆ.

"ಇನ್ನೂ ಒಲೆ ಹಚ್ಚೇ ಇಲ್ಲ ಅತ್ತೆ" ಅಂತ ನಕ್ಕಳು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬಂತು. ಅವಳಿಗೆ ಅರ್ಥವಾಗಿರಬೇಕು. ಆಗದಿದ್ದರೆ ನಾಳೆ ಬಾಯಿ ಬಿಟ್ಟೇ ಹೇಳ್ತೀನಿ.