ಎಪ್ಪತ್ತೈದು ಮೈಲಿಯಾಚೆ

ಬರ್ನಿಸ್‌ಗೆ,

ಕ್ಷೇಮ ಸಮಾಚಾರವೆಲ್ಲ ಬೇಡ. ಎಂಟನೇ ತರಗತಿಗೆ ಶಾಲೆ ಬಿಟ್ಟು ಉಕ್ಕಿನ ಕಾರ್ಖಾನೆ ಸೇರಿದವನು ನಾನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಮೊನ್ನೆ ನಿನ್ನ ಮೊಮ್ಮಗಳ ಮದುವೆಯಲ್ಲಿ ನೀನು ಎಲ್ಲರೆದುರು ಮತ್ತೆ ಅದೇ ಮಾತಾಡಿದೆ: "ಆಟ ಮನೇಲೇ ಕಾಣತ್ತೆ ಅಂತ ಲೆನ್‌ಗೇನು ಗೊತ್ತಿತ್ತು? ಪಾಪ, ತಮ್ಮನಿಗೋಸ್ಕರ ಅಷ್ಟು ದೂರ ಹೋದ." ಹದಿನೇಳು ವರ್ಷದಿಂದ ಹೇಳುತ್ತಿದ್ದೀಯ. ಇನ್ನು ಕೇಳಲಾರೆ. ನನಗೆ ಗೊತ್ತಿತ್ತು.

ಆ ಡಿಸೆಂಬರ್‌ನಲ್ಲಿ ಡಾಕ್ಟರು ನಿನ್ನ ಗಂಡನಿಗೆ ಒಂದು ವಾರ, ಹೆಚ್ಚೆಂದರೆ ಎರಡು ಎಂದಿದ್ದರು. ವಾಲ್ಟ್‌ಗೆ ಬೇಕಿದ್ದುದು ನಮ್ಮೂರ ಬಫಲೋ ಫುಟ್‌ಬಾಲ್ ತಂಡದ ಇನ್ನೊಂದೇ ಒಂದು ಆಟ ನೋಡುವುದು. ಆದರೆ ಆಗಿನ ನಿಯಮ ಎಂಥದು! ಕ್ರೀಡಾಂಗಣದ ಟಿಕೆಟ್ಟೆಲ್ಲ ಮುಂಚೆಯೇ ಖರ್ಚಾಗದಿದ್ದರೆ ಸುತ್ತ ಎಪ್ಪತ್ತೈದು ಮೈಲಿ ಯಾರ ಟಿವಿಯಲ್ಲೂ ಆಟವಿಲ್ಲ. ಸೋತು ಸುಣ್ಣವಾದ ತಂಡ, ಮೂಳೆ ಕೊರೆಯುವ ಚಳಿ, ಯಾರು ಕೊಳ್ಳುತ್ತಾರೆ? ಶುಕ್ರವಾರ ಮಧ್ಯಾಹ್ನವಾದರೂ ಟಿಕೆಟ್ ಉಳಿದಿದ್ದವು. ಮಾರನೆಯ ದಿನ ಹಿಮ ಸುರಿಯುತ್ತದೆಂಬ ಸುದ್ದಿ ಬೇರೆ. ಆ ಎಪ್ಪತ್ತೈದು ಮೈಲಿ ದಾಟಿ ಯಾವುದಾದರೂ ಮೋಟೆಲಿನ ಟಿವಿಯಲ್ಲಿ ಆಟ ತೋರಿಸೋಣವೆಂದು ಆಗಲೇ ಅವನನ್ನು ಕಾರಿಗೆ ಹತ್ತಿಸಿದೆ.

ನೀನು ಬಾಗಿಲಿಗೆ ಅಡ್ಡ ನಿಂತೆ. "ಅವನನ್ನ ಕದಲಿಸ್ಬೇಡ ಲೆನ್. ಕೊನೇ ಗಳಿಗೇಲಿ ಯಾರಾದ್ರೂ ಕೊಂಡ್ಕೋತಾರೆ, ನೋಡ್ತಿರು."

"ನಿಂಗೇನೇ ಗೊತ್ತು ಫುಟ್‌ಬಾಲು? ಸರಿ ಆಚೆ!" ಎಂದು ಕೂಗಿದೆ. ವಾಲ್ಟ್ ಕಂಬಳಿಯೊಳಗಿಂದ ನಕ್ಕ. "ಬಿಡೇ ಬರ್ನಿಸ್. ಮನೇಲಿದ್ರೆ ಇವನ ಕಿರುಚಾಟ ಕೇಳ್ಕೊಂಡೇ ಸಾಯ್ಬೇಕು."

ನಲವತ್ತು ಮೈಲಿ ಹೋಗಿದ್ದೆವು. ವಾಲ್ಟ್‌ಗೆ ನಿದ್ದೆ. ರೇಡಿಯೋದವನು ಹೇಳಿದ: ಯಾವುದೋ ದಿನಸಿ ಅಂಗಡಿಯವರು ಉಳಿದ ಟಿಕೆಟ್ಟನ್ನೆಲ್ಲ ಕೊಂಡಿದ್ದಾರೆ, ಊರಿಗೆಲ್ಲ ಆಟ ತೋರಿಸುತ್ತಾರೆ. ರಸ್ತೆ ತೆರವಾಗಿತ್ತು, ಹಿಮ ಇನ್ನೂ ಬಿದ್ದಿರಲಿಲ್ಲ. ಕಾರು ತಿರುಗಿಸಿದ್ದರೆ ಮುಕ್ಕಾಲು ಗಂಟೆಯಲ್ಲಿ ಅವನನ್ನು ಅವನ ಹಾಸಿಗೆಯಲ್ಲಿ ಮಲಗಿಸಬಹುದಿತ್ತು. ಬಾಗಿಲು ತೆರೆಯುವ ನಿನ್ನ ಮುಖ ಕಣ್ಣಮುಂದೆ ಬಂತು. ನೀನೇನೂ ಅನ್ನುತ್ತಿರಲಿಲ್ಲ. ಅದೇ ನನಗೆ ಆಗದು. ರೇಡಿಯೋ ಆರಿಸಿದೆ.

ಅವನಿಗೆ ಎಚ್ಚರವಾಯಿತು. "ಟಿಕೆಟ್ ಏನಾಯ್ತೋ?"

"ಹಾಗೇ ಬಿದ್ದಿವೆ," ಎಂದೆ.

ಪೆನ್ಸಿಲ್ವೇನಿಯಾದ ಆ ಮೋಟೆಲಿನಲ್ಲಿ ಶನಿವಾರವೆಲ್ಲ ಅವನು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹಿಮದಲ್ಲಿ ದಾರಿ ಮುಚ್ಚಿತು. ಭಾನುವಾರ ಆಟಕ್ಕೆ ಮುಂಚೆ ಟಿವಿಯಲ್ಲಿ ಆಟದ ಬಗ್ಗೆ ಹರಟುವ ಆ ಟೈ ಕಟ್ಟಿದವರು ಸಾಲಾಗಿ ಕೂತು ಹಲ್ಲು ಕಿರಿಯುತ್ತಿದ್ದರು. ವಾಲ್ಟ್ ನನ್ನ ತೋಳು ಹಿಡಿದ. "ಬರ್ನಿಸ್‌ಗೆ ಆಟ ಕಾಣಲ್ವಲ್ಲೋ. ಒಬ್ಳೇ ಕೂತಿರ್ತಾಳೆ. ನಮ್ಮೋರು ಪಾಯಿಂಟ್ ಹೊಡೆದಾಗ್ಲೆಲ್ಲ ಫೋನ್ ಮಾಡಿ ಹೇಳು, ಮರೀಬೇಡ."

ಹೂಂ ಎಂದೆ. ಆಗಲೂ ಬಾಯಿ ಬಿಡಲಿಲ್ಲ. ಆಟ ಶುರುವಾಗುವ ಮುಂಚೆಯೇ ಹೋಗಿಬಿಟ್ಟ.

ಇನ್ನೂ ಇದೆ, ಓದು. ನಿನಗೆ ಫೋನ್ ಮಾಡಿದ್ದು ಆಟ ಮುಗಿದ ಮೇಲೆ. ಮೂರು ಗಂಟೆ ಅವನ ಪಕ್ಕ ಕೂತಿದ್ದೆ, ಟಿವಿ ಆರಿಸಲು ಕೈ ಬರಲಿಲ್ಲ. ಯಾರು ಗೆದ್ದರೆಂದು ಇವತ್ತಿಗೂ ಗೊತ್ತಿಲ್ಲ. ಅವನನ್ನು ಮಣ್ಣು ಮಾಡಿದ ದಿನ ನೀನು ನನ್ನ ಕೈ ಹಿಡಿದು, "ನಾನೂ ನೋಡ್ದೆ ಲೆನ್, ಪೂರ್ತಿ ನೋಡ್ದೆ. ಅಲ್ಲಿ ಅವನೂ ಇದನ್ನೇ ನೋಡ್ತಿದಾನೆ ಅಂತ ಸಮಾಧಾನವಾಗಿತ್ತು" ಎಂದೆ.

ಅವನು ನಿನ್ನ ಕೈ ಹಿಡಿದುಕೊಂಡು ಹೋಗಬೇಕಾದವನು. ನೀನು ಗೆದ್ದೆಯೆಂದು ಒಪ್ಪಲಾರದೆ ನಾನು ಅದನ್ನು ತಪ್ಪಿಸಿದೆ. ಕ್ಷಮೆ ಕೇಳುತ್ತಿಲ್ಲ. ನೀನಾಗಿಯೇ ಕ್ಷಮಿಸಲು ಹೊರಟರೆ ನನಗೆ ಸಿಟ್ಟು ಬರುತ್ತದೆ. ಇನ್ನು ಮೇಲೆ ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳು.

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಪ್ರಾರ್ಥನೆಯಲ್ಲಿ ನನ್ನ ಹೆಸರು ಎತ್ತಬೇಡ.

ನಿನ್ನ ಗಂಡನ ಅಣ್ಣ,
ಲೆನ್